ಗಾಡಿ ನಿನಗೆ, ಗೋಡೆ ನನಗೆ

ಗಂಡನ ಎರಡನೇ ಕ್ಲಿನಿಕ್ಕಿನ ಬಾಗಿಲು ತೆರೆಯುವ ದಿನ ಕೇಕಮ್ಮ ಬೆಳಗಿನಿಂದ ಕೂತಿರಲಿಲ್ಲ. ಮೂರು ಅಂತಸ್ತಿನ ಕೇಕು, ಮೇಲೆ ಬಿಳಿ ಕ್ರೀಮು, ಅಂಚಿನುದ್ದಕ್ಕೂ ನೀಲಿ ಸಕ್ಕರೆ ಹೂಗಳು. ಬೀದಿಯವರೆಲ್ಲ ಅವಳನ್ನು ಕೇಕಮ್ಮ ಎಂದೇ ಕರೆಯುತ್ತಿದ್ದರು. ಹಳೆಯ ಕಟ್ಟಡವೊಂದರ ನೆಲಮಹಡಿಯ ಕೋಣೆಯಲ್ಲಿ ಅವಳ ಓವನ್ನು, ಮೇಜು, ಗಾಜಿನ ಕಪಾಟು. ಮೇಲಿನ ಬಾಡಿಗೆ ಮನೆಯಲ್ಲಿ ಅವಳು, ಹಲ್ಲಿನ ಡಾಕ್ಟರಾದ ಗಂಡ, ಗಂಡನ ತಾಯಿ. ಮಕ್ಕಳಿರಲಿಲ್ಲ. ಕೆಳಗಿನ ಕೋಣೆಯೊಂದನ್ನು ಮಾತ್ರ ಗಂಡ ಹೆಂಡಿರಿಬ್ಬರ ಹೆಸರಿನಲ್ಲಿ ಸಾಲ ಮಾಡಿ ಕೊಂಡಿದ್ದರು. ಅದರ ಜೊತೆಗೆ, ಎದುರಿಗೆ ಒಂದು ಗಾಡಿ ನಿಲ್ಲುವಷ್ಟು ಜಾಗ.

ಗಾಡಿಗಳು ಎರಡಿದ್ದವು. ಒಂದು ಅವಳು ಕೇಕು ಸಾಗಿಸುತ್ತಿದ್ದ ಹಳೆಯ ಪೆಟ್ರೋಲ್ ವ್ಯಾನು. ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತು, ನೆಲ ತಗ್ಗಿನಲ್ಲಿತ್ತು, ಎಷ್ಟು ತೊಳೆದರೂ ವೆನಿಲಾ ವಾಸನೆ ಹೋಗುತ್ತಿರಲಿಲ್ಲ. ಇನ್ನೊಂದು ಡಾಕ್ಟರ ಕರೆಂಟ್ ಗಾಡಿ. ಎತ್ತರದ, ಬೂದು ಬಣ್ಣದ ಎಲೆಕ್ಟ್ರಿಕ್ ಎಸ್‌ಯುವಿ. ಅದನ್ನು ತಂದ ದಿನ ಡಾಕ್ಟರು ಗಾಡಿ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅದರ ಸುತ್ತ ತಿರುಗಿದ್ದರು. ಬೇಕರಿಯ ಹೊರಗೋಡೆಗೆ ಚಾರ್ಜರ್ ಹಾಕಿಸಿದ್ದರು.

ಆ ದಿನ ವ್ಯಾನಿನ ಕ್ಲಚ್ಚು ಕೆಟ್ಟು ಗ್ಯಾರೇಜಿನಲ್ಲಿತ್ತು. ಹಾಗಾಗಿ ಎಲ್ಲರೂ ಕರೆಂಟ್ ಗಾಡಿಯಲ್ಲೇ ಹೊರಟರು. ಹೊಸ ಕ್ಲಿನಿಕ್ಕಿಗೆ ಹಣ ಹಾಕಿದ್ದ, ವಕ್ರ ಹಲ್ಲು ನೆಟ್ಟಗೆ ಮಾಡುವ ಡಾಕ್ಟರಮ್ಮನೊಬ್ಬಳೂ ಬಂದಿದ್ದಳು. ಡಾಕ್ಟರು ಅವಳನ್ನು ಮನೆಯಲ್ಲಿ ಯಾವಾಗಲೂ ಪಾರ್ಟ್ನರ್ ಎಂದೇ ಹೇಳುತ್ತಿದ್ದರು.

ಕೇಕಮ್ಮ ಮುಂದಿನ ಬಾಗಿಲಿಗೆ ಕೈಯಿಟ್ಟಳು.

"ನೀನು ಹಿಂದೆ ಕೂತ್ಕೋ, ಕೇಕ್ ಹಿಡ್ಕೋಬೇಕಲ್ಲ," ಎಂದರು ಡಾಕ್ಟರು.

"ಹಿಂದೆ ಜಾಗ ಜಾಸ್ತಿ ಇದೆ ಕಣಮ್ಮ," ಎಂದು ಆಗಲೇ ಕಷ್ಟಪಟ್ಟು ಹತ್ತಿ ಕೂತಿದ್ದ ಅತ್ತೆಯೂ ದನಿಗೂಡಿಸಿದರು.

ಕೇಕಮ್ಮ ಹಿಂದೆ ಕೂತು ದೊಡ್ಡ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಾರ್ಟ್ನರ್ ಮುಂದೆ ಕೂತಳು. ಕೂತವಳು ನೋಡದೆಯೇ, ಬಾಗಿಲ ಒಳಮೈಯಲ್ಲಿದ್ದ ಒಂದು ಗುಂಡಿಯನ್ನು ಬೆರಳ ತುದಿಯಲ್ಲಿ ಒತ್ತಿದಳು. ಸೀಟು ಮೆಲ್ಲಗೆ ಗುಂಯ್‌ಗುಟ್ಟಿ ಮುಂದಕ್ಕೆ ಸರಿಯಿತು, ಸ್ವಲ್ಪ ಮೇಲೆದ್ದಿತು, ಬೆನ್ನು ತುಸು ಒರಗಿತು. ಮೊದಲೇ ಗುರುತಿಟ್ಟುಕೊಂಡಿದ್ದ ಅವಳ ಅಳತೆಗೆ ಸರಿಯಾಗಿ ನಿಂತಿತು.

ಒಂದೂವರೆ ವರ್ಷ ಆ ಸೀಟಿನಲ್ಲಿ ಕೂತಿದ್ದರೂ ಅಂಥದ್ದೊಂದು ಗುಂಡಿ ಇರುವುದು ಕೇಕಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಗಂಡನ ಮೇಲೆ ಅನುಮಾನ ಬಂದದ್ದಲ್ಲ; ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದಳು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು, ಆದರೆ ಅವರ ಕಿವಿ ಕೆಂಪಾಗಿತ್ತು. ಅವರಿಗೂ ಗೊತ್ತು! ದಾರಿಯುದ್ದಕ್ಕೂ ಕೇಕಮ್ಮ ಡಬ್ಬಿಯನ್ನು ಅಲುಗಾಡದಂತೆ ಹಿಡಿದಿದ್ದಳು. ಕ್ಲಿನಿಕ್ಕಿನಲ್ಲಿ ತಾನೇ ಕೇಕು ಕತ್ತರಿಸಿ, ಬಂದವರಿಗೆಲ್ಲ ತಟ್ಟೆ ಕೊಟ್ಟು, ಪಾರ್ಟ್ನರ್‌ಗೂ ಒಂದು ಹೂವಿರುವ ತುಂಡು ಕೊಟ್ಟಳು.

"ತುಂಬಾ ಚೆನ್ನಾಗಿದೆ," ಎಂದಳು ಪಾರ್ಟ್ನರ್.

"ತಿನ್ನಿ, ಎಲ್ಲಾ ನಿಮಗೇ," ಎಂದಳು ಕೇಕಮ್ಮ.

ಮನೆಗೆ ಬಂದ ಮೇಲೆ ಕೇಳಿದಳು. ಡಾಕ್ಟರು ಒಂದು ಮಾತೂ ಅಲ್ಲಗಳೆಯಲಿಲ್ಲ. ಅದರಿಂದ ಅವಳಿಗೆ ಇನ್ನಷ್ಟು ಉರಿಯಿತು. "ಹೇಳೋಣ ಅಂತಾನೇ ಇದ್ದೆ, ಕ್ಲಿನಿಕ್ ಕೆಲಸ ಮುಗೀಲಿ ಅಂತ ಕಾಯ್ತಿದ್ದೆ," ಎಂದರು. ಅಂದರೆ ಕೇಕು ಆಗಲಿ ಎಂದು ಕಾದಿದ್ದರು. ಆ ವಾರವೇ ಬಟ್ಟೆಬರೆ ಕಟ್ಟಿಕೊಂಡು ಪಾರ್ಟ್ನರಳ ಅಪಾರ್ಟ್‌ಮೆಂಟಿಗೆ ಹೋದರು. ಅತ್ತೆಯೂ ಮಗನ ಹಿಂದೆ ಹೋದರು. ಹೋಗುವಾಗ ಸೊಸೆಯ ಮುಖ ನೋಡಲಿಲ್ಲ.

ಕೇಕಮ್ಮ ಅಳಲಿಲ್ಲ ಎಂದಲ್ಲ. ಅತ್ತಳು, ಹಿಟ್ಟು ಕಲಸುತ್ತ ಅತ್ತಳು. ಆದರೆ ಅಳು ನಿಂತ ಮೇಲೆ ಒಳಗೆ ಉಳಿದದ್ದು ದುಃಖವಲ್ಲ. ಆ ಮನುಷ್ಯನ ಪ್ರೀತಿ ವಾಪಸ್ಸು ಬರಲಿ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಅವನಿಗೆ ಇಷ್ಟವಾದದ್ದೊಂದು ಅವನ ಕೈಯಿಂದ ಜಾರಬೇಕು, ಅವನು ಅದನ್ನು ನೋಡುತ್ತ ನಿಲ್ಲಬೇಕು, ಅಷ್ಟೇ. ಅವನಿಗೆ ಇಷ್ಟವಾದದ್ದು ಏನು ಎಂದು ಹೆಚ್ಚು ಯೋಚಿಸಬೇಕಾಗಿರಲಿಲ್ಲ.

"ಡೈವೋರ್ಸ್ ಪಾಲಲ್ಲಿ ನಂಗೆ ಆ ಗಾಡಿ ಬೇಕು," ಎಂದಳು ಅಣ್ಣನ ಹತ್ತಿರ.

ಅವಳ ಅಣ್ಣ ಹಳೇ ಗಾಡಿಗಳ ವ್ಯಾಪಾರಿ. ಊರಾಚೆಯ ಬಯಲಿನಲ್ಲಿ ಸಾಲಾಗಿ ಗಾಡಿ ನಿಲ್ಲಿಸಿಕೊಂಡು, ತಗಡಿನ ಕೋಣೆಯೊಂದರಲ್ಲಿ ಫ್ಯಾನಿನ ಕೆಳಗೆ ಕೂರುವವನು. ಮನುಷ್ಯರ ಮಾತನ್ನು ನಂಬುತ್ತಿರಲಿಲ್ಲ, ಟೈರನ್ನು ನಂಬುತ್ತಿದ್ದ.

"ಬೇಕು ಅಂದ್ರೆ ಓಡಿಸೋಕೋ, ಅವನ ಹೊಟ್ಟೆ ಉರಿಸೋಕೋ?"

"ಹೊಟ್ಟೆ ಉರಿಸೋಕೆ."

"ಹಂಗಾದ್ರೆ ಮೊದ್ಲು ಕೂತ್ಕೋ. ಕೋಪದಲ್ಲಿ ಗಾಡಿ ತಗೊಂಡವರೆಲ್ಲ ಕೊನೆಗೆ ನನ್ ಹತ್ರಾನೇ ಮಾರೋಕೆ ಬರ್ತಾರೆ."

ಕೂತಳು. ಅಣ್ಣ ಎರಡು ಲೋಟ ಕಾಫಿ ತರಿಸಿ, ಒಂದನ್ನು ಬಲಕ್ಕೆ ಒಂದನ್ನು ಎಡಕ್ಕೆ ಇಟ್ಟ. "ಇದು ನಿನ್ನ ವ್ಯಾನು. ಇದು ಅವನ ಕರೆಂಟ್ ಗಾಡಿ. ವ್ಯಾನು ಪೆಟ್ರೋಲ್ ಕುಡಿಯುತ್ತೆ, ವರ್ಷಕ್ಕೆ ನಾಲ್ಕು ಸಲ ಆಯಿಲ್ಲು, ಬೆಲ್ಟು, ಕ್ಲಚ್ಚು ಅಂತ ಕೈ ಚಾಚುತ್ತೆ. ಆದ್ರೆ ಅದರ ಸಾಲ ತೀರಿದೆ. ಇನ್ಶೂರೆನ್ಸ್ ಕಡಿಮೆ. ಅದು ಕಳಕೊಳ್ಳೋ ಬೆಲೆನೆಲ್ಲಾ ಆಗ್ಲೇ ಕಳಕೊಂಡಾಗಿದೆ, ಇನ್ನೇನು ಇಳಿಯುತ್ತೆ? ಮುದುಕಿಗೆ ಮುಪ್ಪು ಬರುತ್ತಾ?"

"ಅವರದು?"

"ಅದಕ್ಕೆ ಆಯಿಲ್ಲು ಬೇಡ, ಕ್ಲಚ್ಚಿಲ್ಲ. ಮನೇಲಿ ಚಾರ್ಜ್ ಮಾಡಿದ್ರೆ ಓಡಿಸೋ ಖರ್ಚು ನಿನ್ನ ವ್ಯಾನಿನ ಕಾಲು ಭಾಗಾನೂ ಇಲ್ಲ. ಅದನ್ನ ಸುಳ್ಳು ಅನ್ನಲ್ಲ. ಆದ್ರೆ ಸಾಲದ ಕಂತು ಇನ್ನೂ ಬೆಟ್ಟದಷ್ಟಿದೆ. ಇನ್ಶೂರೆನ್ಸ್ ದುಬಾರಿ. ಗಾಡಿ ತೂಕ ಜಾಸ್ತಿ, ಟೈರು ಬೇಗ ಸವೆಯುತ್ತೆ. ಹೊಸದು ಬಂದ ಹಾಗೆ ಹಳೇದರ ಬೆಲೆ ಬಿಸಿಲಲ್ಲಿಟ್ಟ ಐಸು. ನನ್ನ ಬಯಲಲ್ಲೇ ಮೂರು ನಿಂತಿವೆ ನೋಡು, ಕೇಳೋರಿಲ್ಲ."

"ಒಟ್ಟಿನಲ್ಲಿ ಯಾವುದು ಲಾಭ? ಸುತ್ತಿ ಬಳಸಿ ಹೇಳ್ಬೇಡ ಅಣ್ಣ."

ಅಣ್ಣ ಕಾಫಿ ಕುಡಿದು, ಮೀಸೆ ಒರೆಸಿಕೊಂಡ. "ಮನೆ ಗೋಡೇಲಿ ಚಾರ್ಜರ್ ಇರೋನಿಗೆ ಹತ್ತು ವರ್ಷ ಇಟ್ಕೊಂಡ್ರೆ ಕರೆಂಟ್ ಗಾಡಿ ಲಾಭ. ಇಲ್ದೇ ಇರೋನಿಗೆ ಅದು ಆನೆ ಸಾಕಿದ ಹಾಗೆ. ಹೊರಗಡೆ ಚಾರ್ಜ್ ಮಾಡೋ ಕಡೆ ಮೂರು ಪಟ್ಟು ದರ, ಮೇಲಿಂದ ಕ್ಯೂ. ಬೆಲೆ ಇರೋದು ಗಾಡಿಗಲ್ಲ ಪುಟ್ಟಿ, ಗೋಡೆಗೆ."

ಕೇಕಮ್ಮ ಕಿಟಕಿಯತ್ತ ತಿರುಗಿದಳು. ಹೊರಗೆ ಬಿಸಿಲಿನಲ್ಲಿ ಗಾಡಿಗಳ ಗಾಜು ಹೊಳೆಯುತ್ತಿತ್ತು.

"ಅವಳ ಅಪಾರ್ಟ್‌ಮೆಂಟಲ್ಲಿ ಚಾರ್ಜರ್ ಇದ್ಯಾ?"

"ಆ ಹಳೇ ಬಿಲ್ಡಿಂಗಾ? ನನ್ ಗಿರಾಕಿ ಒಬ್ಬ ಅಲ್ಲೇ ಇದ್ದಾನೆ. ವೈರಿಂಗ್ ತಡೆಯಲ್ಲ ಅಂತ ಅಲ್ಲಿನ ಸಂಘದೋರು ಯಾರಿಗೂ ಬಿಟ್ಟಿಲ್ಲ. ಅದಕ್ಕೇ ಅವನು ನನಗೆ ಗಾಡಿ ಮಾರಿದ್ದು."

"ನಂಗೆ ಗೋಡೆ ಬೇಕು ಅಣ್ಣ. ಅವರು ನನ್ನ ಬೇಕರಿ ಕೋಣೇಲಿ ಹಲ್ಲು ಮಾಡೋ ಲ್ಯಾಬ್ ಹಾಕ್ತೀನಿ ಅಂತ ಅವರ ಲಾಯರ್ ಕೈಲಿ ಹೇಳಿಸಿದ್ದಾರೆ. ನನ್ನ ಓವನ್ನು ಎಲ್ಲಿಡಲಿ?"

"ಕೋಣೆ ಬೇಕು ಅಂದ್ರೆ ಕೊಡಲ್ಲ. ನಿಂಗೆ ಬೇಕು ಅಂತ ಗೊತ್ತಾದ್ರೆ ಅವನು ಗಟ್ಟಿಯಾಗಿ ಹಿಡ್ಕೋತಾನೆ."

"ಅದಕ್ಕೇ ಗಾಡಿ ಬೇಕು ಅಂತೀನಿ," ಎಂದಳು ಕೇಕಮ್ಮ.

ಅಣ್ಣ ಅವಳನ್ನೇ ನೋಡಿದ. ಚಿಕ್ಕಂದಿನಲ್ಲಿ ಅವಳು ತನ್ನ ಪಾಲಿನ ಮಿಠಾಯಿ ಉಳಿಸಿಕೊಳ್ಳಲು ಅಣ್ಣನ ಪಾಲಿನದನ್ನು ಬೇಡಿ ಅಳುತ್ತಿದ್ದುದು ಅವನಿಗೆ ನೆನಪಾಗಿರಬೇಕು. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಹಂಗೆ ಮಾಡು," ಎಂದ.

"ಕೋಲು ಬೇಕಾದ್ರೆ ಮುರೀಲಿ ಅಣ್ಣ. ಹಾವು ಸಾಯ್ಲೇಬೇಕು."

ಗಂಡ ಹೆಂಡಿರ ಪಾಲು ಹಂಚಿಕೊಡುವ ಮಧ್ಯಸ್ಥರ ಕಚೇರಿ ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಒಂದು ತುದಿಯಲ್ಲಿ ನೀರಿನ ಜಗ್ಗು, ಮಧ್ಯದಲ್ಲಿ ಕಾಗದದ ಕರವಸ್ತ್ರದ ಡಬ್ಬಿ. ಅಳುವವರಿಗೆ ಅನುಕೂಲವಾಗಲಿ ಎಂದು ಇಟ್ಟದ್ದು. ಮಧ್ಯಸ್ಥರು ಹೊಟ್ಟೆ ಬಂದ ಶಾಂತ ಮನುಷ್ಯ, ಯಾರು ಏನೇ ಹೇಳಿದರೂ "ಆಯ್ತು, ನೋಡೋಣ" ಎನ್ನುವವರು. ಕೇಕಮ್ಮನ ಲಾಯರಮ್ಮನಿಗೆ ಮಾತ್ರ ಗುಟ್ಟು ಗೊತ್ತಿತ್ತು. "ಸುಳ್ಳು ಹೇಳೋ ಹಾಗಿಲ್ಲ," ಎಂದು ಮೆಟ್ಟಿಲು ಹತ್ತುವಾಗ ಎಚ್ಚರಿಸಿದ್ದರು. "ಬೇಕು ಅನ್ನೋದು ಸುಳ್ಳಲ್ಲ. ಅತ್ರೆ ಅದೂ ಸುಳ್ಳಲ್ಲ."

ಕೇಕಮ್ಮ ಮೊದಲ ಸುತ್ತಿನಲ್ಲೇ ಹೇಳಿದಳು. "ನಂಗೆ ಬೇರೇನೂ ಬೇಡ. ಆ ಗಾಡಿ ಕೊಡ್ಸಿ."

ಡಾಕ್ಟರು ತಲೆ ಎತ್ತಿದರು. "ಅದು ನನ್ನ ಗಾಡಿ."

"ಅದರ ಕಂತಿಗೆ ನನ್ನ ಕೇಕಿನ ದುಡ್ಡೂ ಹೋಗಿದೆ."

"ನಿಂಗೆ ಅದನ್ನ ರಿವರ್ಸ್ ತೆಗೆಯೋಕೂ ಬರಲ್ಲ!"

"ಕಲೀತೀನಿ. ಅವತ್ತು ಕ್ಲಿನಿಕ್ಕಿಗೆ ಹೋಗುವಾಗ ಅದರಲ್ಲಿ ಮುಂದೆ ಕೂರಬೇಕು ಅಂತ ನಂಗೂ ಆಸೆ ಇತ್ತು."

ಇದನ್ನು ಹೇಳುವಾಗ ಅವಳಿಗೆ ನಿಜವಾಗಿಯೂ ಅಳು ಬಂತು. ನಾಟಕ ಮಾಡಬೇಕು ಎಂದು ಬಂದಿದ್ದಳು. ಬಾಯಿಗೆ ಬಂದದ್ದು ನಿಜವಾಗಿತ್ತು. ಒಂದು ಕಾಗದದ ಕರವಸ್ತ್ರ ಎಳೆದು ಕಣ್ಣಿಗೆ ಒತ್ತಿಕೊಂಡಳು. ಕರವಸ್ತ್ರದ ಅಂಚಿನಿಂದ ಗಂಡನ ಮುಖ ಕಾಣುತ್ತಿತ್ತು. ಅವರ ಬಾಯಿಯ ತುದಿಯಲ್ಲಿ ಒಂದು ಸಣ್ಣ ಬಿಗುವು ಮೂಡಿತ್ತು. ಚದುರಂಗದಲ್ಲಿ ಎದುರಾಳಿಯ ಆಸೆ ಯಾವುದರ ಮೇಲಿದೆ ಎಂದು ತಿಳಿದವರ ಮುಖ. ಆ ಮುಖ ಅವಳಿಗೆ ಗೊತ್ತಿತ್ತು. ಈಗ ಇವರು ಗಾಡಿ ಬಿಡುವುದಿಲ್ಲ, ಎಂದುಕೊಂಡಳು ಮನಸ್ಸಿನಲ್ಲೇ.

ಮೂರು ಬಾರಿ ಸೇರಿದರು. ಮೂರು ಬಾರಿಯೂ ಅವಳದು ಒಂದೇ ಹಟ. ವ್ಯಾನು ಅವಳಿಗೆ ಎಂದರೆ ಬೇಡ ಎಂದಳು. ಹಣ ಕೊಡುತ್ತೇವೆ ಎಂದರೆ ಬೇಡ ಎಂದಳು. ಕೊನೆಗೆ ಡಾಕ್ಟರೇ ಮೇಜಿಗೆ ಬಾಗಿ ಹೇಳಿದರು: "ಆಯ್ತು. ಆ ಕೋಣೆ, ಮುಂದಿನ ಜಾಗ, ವ್ಯಾನು, ಎಲ್ಲಾ ಅವಳೇ ಇಟ್ಕೊಳ್ಳಲಿ. ಕೋಣೆಯಲ್ಲಿ ನನ್ನ ಪಾಲು ಬಿಟ್ಕೊಡ್ತೀನಿ. ಗಾಡಿ ಮಾತ್ರ ಬಿಡಲ್ಲ. ಇನ್ನು ಅದರ ಮಾತು ಎತ್ತಬಾರದು."

ಲಾಯರಮ್ಮ ಕನ್ನಡಕ ತೆಗೆದು ಒರೆಸಿದರು. "ಗಾಡಿಯ ಉಳಿದ ಸಾಲ?"

"ಗಾಡಿ ನಂದು ಅಂದ್ಮೇಲೆ ಸಾಲಾನೂ ನಂದೇ."

ಕೇಕಮ್ಮ ಇನ್ನೊಂದು ಕರವಸ್ತ್ರ ಎಳೆದಳು, ಏಕೆಂದರೆ ಈಗ ನಗು ಬರುತ್ತಿತ್ತು. ಸಹಿ ಹಾಕುವಾಗಲೂ ಅದನ್ನು ಬಾಯಿಗೆ ಒತ್ತಿಕೊಂಡೇ ಇದ್ದಳು. ಮಧ್ಯಸ್ಥರು ಪಾಪ ಎಂದುಕೊಂಡು ಅವಳ ಕಡೆಗೆ ನೀರಿನ ಲೋಟ ಸರಿಸಿದರು.

ಮುಂದಿನ ತಿಂಗಳುಗಳು ಅವಳ ಬದುಕಿನ ಅತ್ಯಂತ ರುಚಿಯಾದ ತಿಂಗಳುಗಳಾಗಿದ್ದವು. ಅಪಾರ್ಟ್‌ಮೆಂಟಿನ ಸಂಘದವರು ಡಾಕ್ಟರಿಗೂ ಚಾರ್ಜರ್ ಹಾಕಲು ಬಿಡಲಿಲ್ಲ. ಅವರು ವಾದ ಮಾಡಿದರು, ಬೆದರಿಸಿದರು, ಕಾರ್ಯದರ್ಶಿಯ ಹಲ್ಲು ಪುಕ್ಕಟೆ ಸ್ವಚ್ಛ ಮಾಡಿಕೊಡುತ್ತೇನೆ ಎಂದರಂತೆ. ಆಗಲಿಲ್ಲ. ಊರಿನ ದೊಡ್ಡ ಅಂಗಡಿಯೊಂದರ ಹಿಂದಿನ ವಾಹನ ನಿಲ್ದಾಣದಲ್ಲಿ ಎರಡು ಚಾರ್ಜರುಗಳಿದ್ದವು. ಅದರಲ್ಲಿ ಒಂದು ಸದಾ ಕೆಟ್ಟಿರುತ್ತಿತ್ತು.

ಕೇಕಮ್ಮ ಕೇಕು ತಲುಪಿಸುವ ದಾರಿಯನ್ನು ಸ್ವಲ್ಪ ಬದಲಿಸಿಕೊಂಡಳು. ಸುತ್ತು ದಾರಿ, ಪೆಟ್ರೋಲ್ ಹೆಚ್ಚು. ಆ ಪೆಟ್ರೋಲ್ ಅವಳಿಗೆ ಒಂದು ದಿನವೂ ದುಬಾರಿ ಅನ್ನಿಸಲಿಲ್ಲ. ನಿಲ್ದಾಣದ ಪಕ್ಕದ ರಸ್ತೆಯಲ್ಲಿ ವ್ಯಾನು ನಿಧಾನ ಮಾಡಿದರೆ ಕಾಣುತ್ತಿತ್ತು: ಬೂದು ಗಾಡಿ ಸಾಲಿನಲ್ಲಿ ಕಾಯುತ್ತಿದೆ. ಡಾಕ್ಟರು ಒಳಗೆ ಕೂತು ತೊಡೆಯ ಮೇಲೆ ಕಾಗದ ಹಾಸಿಕೊಂಡು ಬ್ರೆಡ್ಡು ತಿನ್ನುತ್ತಿದ್ದಾರೆ. ಒಮ್ಮೆ ಸೀಟು ಹಿಂದಕ್ಕೆ ಒರಗಿಸಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಒಮ್ಮೆ ಮಳೆಯಲ್ಲಿ ಕೊಡೆ ಕುತ್ತಿಗೆಗೆ ಸಿಕ್ಕಿಸಿಕೊಂಡು, ಕೆಟ್ಟ ಚಾರ್ಜರಿನ ತಂತಿಯನ್ನು ಎಳೆದಾಡುತ್ತಿದ್ದರು. ಕೇಕಮ್ಮ ಹಾರನ್ನು ಎರಡು ಸಲ ಒತ್ತಿದಳು, ಪೀಂ ಪೀಂ. ಅವರು ತಿರುಗಿ ನೋಡಿದರು. ಅವಳು ಕೈ ಬೀಸಿದಳು, ನೆರೆಮನೆಯವರಿಗೆ ಬೀಸುವ ಹಾಗೆ.

ಕ್ಲಿನಿಕ್ಕಿನಲ್ಲಿ ರೋಗಿಗಳು ಕಾದು ಎದ್ದು ಹೋಗುತ್ತಾರೆ ಎಂಬ ಸುದ್ದಿ ಬಂತು. ಗಾಡಿಯ ಟೈರು ನಾಲ್ಕೂ ಬದಲಿಸಬೇಕಾಯಿತು ಎಂಬ ಸುದ್ದಿ ಅಣ್ಣನಿಂದ ಬಂತು. "ನಮ್ ಹುಡುಗನೇ ಹಾಕಿದ್ದು. ಬಿಲ್ ನೋಡಿ ಅವನ ಮುಖ ನೋಡಬೇಕಿತ್ತು, ಅರಿವಳಿಕೆ ಕೊಡದೆ ಹಲ್ಲು ಕಿತ್ತ ಹಾಗೆ," ಎಂದ ಅಣ್ಣ. ಅಂದು ಕೇಕಮ್ಮ ತನಗೇ ಎಂದು ಒಂದು ಸಣ್ಣ ಕೇಕು ಮಾಡಿಕೊಂಡು, ಪೂರ್ತಿ ತಿಂದಳು.

ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು. ಮನೆ ಬಿಟ್ಟು ಹೋದ ಮೇಲೆ ಮೊದಲ ಸಲ.

"ನಾನಮ್ಮ," ಎಂದರು. ಆಮೇಲೆ, "ವ್ಯಾನು ಇದ್ಯಾ?"

"ಇದೆ."

"ಮಂಡಿಗೆ ಆಪರೇಷನ್ ಆಗಿದೆ. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡ್ಬೇಕು. ಅವನ ಗಾಡಿ ಹತ್ತೋಕೆ ಆಗಲ್ಲ ಕಣಮ್ಮ, ಏಣಿ ಹಾಕ್ಬೇಕು. ಹತ್ತಿದ್ರೂ ಚಾರ್ಜ್ ಇಲ್ಲ ಅಂತಾನೆ, ಟೈಮಿಲ್ಲ ಅಂತಾನೆ. ನಿನ್ನ ವ್ಯಾನಾದ್ರೆ ಕಾಲು ಎತ್ತಿಟ್ರೆ ಸಾಕು."

ಕೇಕಮ್ಮನಿಗೆ ಆ ಕೆಂಪು ಕಿವಿ ನೆನಪಾಯಿತು. ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ಒಂದೇ ಸಲದ ಸುಖ. "ಬರ್ತೀನಿ," ಎಂದಳು.

ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಅತ್ತೆ ಊರುಗೋಲು ಹಿಡಿದು ನಿಂತಿದ್ದರು. ತೆಳ್ಳಗಾಗಿದ್ದರು. ಮುಂದಿನ ಸೀಟಿನ ಕಡೆ ಹೆಜ್ಜೆ ಇಟ್ಟರು.

"ಹಿಂದೆ ಕೂತ್ಕೊಳ್ಳಿ ಅತ್ತೆ," ಎಂದಳು ಕೇಕಮ್ಮ, ಬಾಗಿಲು ಸರಿಸುತ್ತ. "ಹಿಂದೆ ಜಾಗ ಜಾಸ್ತಿ ಇದೆ." ಅವರು ಕೂತ ಮೇಲೆ ಒಂದು ಕೇಕಿನ ಡಬ್ಬಿ ತಂದು ಅವರ ತೊಡೆಯ ಮೇಲಿಟ್ಟಳು. "ಸ್ವಲ್ಪ ಹಿಡ್ಕೊಳ್ಳಿ. ಅಲುಗಾಡಬಾರದು."

ಅತ್ತೆ ಎರಡು ಕೈಯಲ್ಲೂ ಡಬ್ಬಿ ಹಿಡಿದುಕೊಂಡರು. ಕೇಕಮ್ಮ ಕನ್ನಡಿಯಲ್ಲಿ ನೋಡುತ್ತ ಓಡಿಸಿದಳು. ಪ್ರತಿ ತಿರುವಿನಲ್ಲೂ ಮುದುಕಿಯ ಬೆರಳುಗಳು ಬಿಗಿಯಾಗುತ್ತಿದ್ದವು. ಅವಳಿಗೆ ಖುಷಿಯಾಗಬೇಕಿತ್ತು, ಅರ್ಧ ದಾರಿಯವರೆಗೆ ಆಯಿತು ಕೂಡ. ಆಸ್ಪತ್ರೆ ಹತ್ತಿರ ಬಂದಾಗ ಅತ್ತೆ ಮೆಲ್ಲಗೆ ಹೇಳಿದರು:

"ಅವತ್ತು ನನಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ರೆ ನನ್ನ ಗತಿ ಏನು ಅಂತ ಹೆದರಿದೆ. ಮಗ ತಾನೇ ನೋಡ್ಕೊಳ್ಳೋನು ಅಂದ್ಕೊಂಡೆ. ನೋಡ್ಕೊಂಡ ನೋಡು."

"ಈಗ ಅದನ್ನ ಯಾಕೆ ಹೇಳ್ತೀರಿ? ವ್ಯಾನಿಗೆ ಬಾಡಿಗೆನಾ?"

"ಬಾಡಿಗೆ ಅಂತಾನೇ ಇಟ್ಕೋ," ಎಂದರು ಅತ್ತೆ. "ನನ್ನ ಹತ್ರ ಬೇರೇನೂ ಇಲ್ಲ."

ಕೇಕಮ್ಮ ಕ್ಷಮಿಸಲಿಲ್ಲ. ಆದರೆ ವಾಪಸ್ಸು ಬರುವಾಗ ಡಬ್ಬಿಯನ್ನು ತಾನೇ ಎತ್ತಿ ಕೆಳಗಿಟ್ಟಳು. ಆಮೇಲಿನ ವಾರಗಳಲ್ಲಿ ಅತ್ತೆ ಆಸ್ಪತ್ರೆ ಮುಗಿಸಿ ನೇರ ಮನೆಗೆ ಹೋಗುವ ಬದಲು ಬೇಕರಿಯಲ್ಲಿ ಕೂರತೊಡಗಿದರು. ಡಬ್ಬಿಗಳಿಗೆ ರಿಬ್ಬನ್ನು ಕಟ್ಟಿದರು. ಗಿರಾಕಿಗಳ ಜೊತೆ ಜಗಳ ಆಡಿದರು. ಅಣ್ಣ ಬಂದವನು ನೋಡಿ ಬೆರಗಾದ. "ವ್ಯಾನಿನ ಖರ್ಚು ಲೆಕ್ಕ ಹಾಕುವಾಗ ಇದೊಂದು ಬಿಟ್ಟುಹೋಗಿತ್ತು ನೋಡು. ಗಾಡಿ ಜೊತೆ ಅತ್ತೆ!" ಎಂದ. "ಇದನ್ನ ಮಾರೋಕೂ ಆಗಲ್ಲ."

"ನಿನ್ನ ತಲೆ," ಎಂದರು ಅತ್ತೆ, ರಿಬ್ಬನ್ನು ಹಲ್ಲಿನಿಂದ ಕಡಿಯಲು ಹೋಗಿ ಆಗದೆ ಕತ್ತರಿ ಹುಡುಕುತ್ತ.

ಡಾಕ್ಟರು ಬಂದದ್ದು ಆ ಹೊತ್ತಿಗೆ. ಗಾಡಿಯನ್ನು ರಸ್ತೆಯ ಆಚೆ ನಿಲ್ಲಿಸಿ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಗಲ್ಲದಲ್ಲಿ ಎರಡು ದಿನದ ಗಡ್ಡ. ಅತ್ತೆ ಒಳಗಿನ ಕೋಣೆಗೆ ಸರಿದರು. ಅಣ್ಣ ಮಾತ್ರ ಕದಲದೆ ಕಪಾಟಿನ ಪಕ್ಕ ನಿಂತ.

"ಒಂದು ಮಾತು," ಎಂದರು ಡಾಕ್ಟರು. "ಹೊರಗಡೆ ಆ ಚಾರ್ಜರ್ ಸುಮ್ನೆ ಇದೆ. ವಾರಕ್ಕೆ ಎರಡು ದಿನ ಹಾಕ್ಕೊಳ್ಳೋಕೆ ಬಿಟ್ರೆ… ಕರೆಂಟಿನ ದುಡ್ಡು ಕೊಡ್ತೀನಿ."

ಎಷ್ಟು ತಿಂಗಳಿಂದ ಕಾದಿದ್ದಳು ಈ ಮಾತಿಗೆ! ಕೇಕಮ್ಮ ಕೈಯ ಹಿಟ್ಟನ್ನು ಏಪ್ರನ್ನಿಗೆ ನಿಧಾನವಾಗಿ ಒರೆಸಿಕೊಂಡಳು.

"ಆಗಲ್ಲ ಡಾಕ್ಟ್ರೇ."

ಮದುವೆಯಾದಾಗಿನಿಂದ ಅವಳು ಅವರನ್ನು "ರೀ" ಎಂದೇ ಕರೆದಿದ್ದಳು. ಡಾಕ್ಟರು ಆ ಹೊಸ ಕರೆಗೆ ಒಂದು ಕ್ಷಣ ತಡವರಿಸಿದರು.

"ಯಾಕೆ ಆಗಲ್ಲ?"

"ನೀವು ಗಾಡಿ ತಗೊಂಡ್ರಿ. ನಾನು ಗೋಡೆ ತಗೊಂಡೆ. ಆ ಗಾಡಿ ನಂಗೆ ಯಾವತ್ತೂ ಬೇಕಾಗಿರಲಿಲ್ಲ ಡಾಕ್ಟ್ರೇ. ನಾನು ಅತ್ತಿದ್ದಕ್ಕೆ ನೀವು ಅದನ್ನ ಬಿಡಲಿಲ್ಲ. ನಾನು ಅಳದೇ ಇದ್ದಿದ್ರೆ ಇವತ್ತು ನಿಮ್ಮ ಹಲ್ಲಿನ ಲ್ಯಾಬ್ ಇಲ್ಲಿರ್ತಿತ್ತು."

ಇದನ್ನು ಹೇಳಬಾರದು ಎಂದು ಲಾಯರಮ್ಮ ಹೇಳಿದ್ದರು. ಹೇಳದೆ ಇರಲು ಅವಳಿಂದ ಆಗಲಿಲ್ಲ. ಪೆಟ್ಟು ಯಾರು ಕೊಟ್ಟರು ಎಂದು ಗೊತ್ತಾಗದಿದ್ದರೆ ಅದೆಂಥ ಪೆಟ್ಟು?

ಡಾಕ್ಟರು ಅವಳನ್ನು ನೋಡಿದರು. ಮುಖದಲ್ಲಿ ಏನೇನೋ ಹಾದು ಹೋಯಿತು. ಆಮೇಲೆ, ರೋಗಿಗಳ ಜೊತೆ ಮಾತನಾಡುವ ಆ ಮೃದು ದನಿಯಲ್ಲಿ, "ನಂಗೆ ಗೊತ್ತಿತ್ತು," ಎಂದರು.

"ಏನು ಗೊತ್ತಿತ್ತು?"

"ನಿಂಗೆ ಬೇಕಾಗಿರೋದು ಈ ಕೋಣೆ ಅಂತ. ಅಷ್ಟು ವರ್ಷ ಜೊತೇಲಿದ್ದೆ, ನಿನ್ನ ಅಳು ಯಾವುದು, ನಾಟಕ ಯಾವುದು ಅಂತ ತಿಳಿಯಲ್ವಾ? ತಪ್ಪು ನಂದು, ಇಷ್ಟಾದ್ರೂ ನಿಂಗಿರಲಿ ಅಂತ ಬಿಟ್ಟೆ."

ಬಾಗಿಲು ತಳ್ಳಿಕೊಂಡು ಹೊರಗೆ ಹೋದರು.

ಕೇಕಮ್ಮ ಇದ್ದಲ್ಲೇ ನಿಂತಳು. ಅವಳಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಇಷ್ಟು ತಿಂಗಳು ಸವಿದದ್ದೆಲ್ಲ ಬಾಯಲ್ಲಿ ಹುಳಿಯಾಯಿತು. ತಾನು ಕಿತ್ತುಕೊಂಡದ್ದನ್ನು ಅವನು ಕೊಟ್ಟದ್ದು ಎಂದು ಮಾಡಿಬಿಟ್ಟ! ಇನ್ನು ಈ ಗೋಡೆ ನೋಡಿದಾಗಲೆಲ್ಲ ಅವನ ದಾನ ಎಂದು ನೆನಪಾಗಬೇಕೆ? ಮೋಸ ಹೋದಾಗಲೂ ಅವಳಿಗೆ ಇಷ್ಟು ಉರಿದಿರಲಿಲ್ಲ. ಮೇಜಿನ ಮೇಲಿದ್ದ ಹಿಟ್ಟಿನ ಮುದ್ದೆಯನ್ನು ಎತ್ತಿ ಗೋಡೆಗೆ ಬಡಿದಳು. ಅದು ಸ್ವಲ್ಪ ಹೊತ್ತು ಅಲ್ಲೇ ಅಂಟಿಕೊಂಡಿದ್ದು, ನೆಲಕ್ಕೆ ಬಿತ್ತು.

"ಸುಳ್ಳು," ಎಂದರು ಒಳಗಿನಿಂದ ಬಂದ ಅತ್ತೆ. ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಹೆತ್ತವಳು ಹೇಳ್ತೀನಿ ಕೇಳು. ಸಹಿ ಹಾಕಿ ಬಂದ ದಿನ ಅವನು ಬೂಟು ಬಿಚ್ಚದೇ ಮನೆ ತುಂಬಾ ಓಡಾಡಿದ. 'ಅಮ್ಮಾ, ಗೆದ್ದೆ, ಅವಳ ಕೈಯಿಂದ ಗಾಡಿ ಕಿತ್ಕೊಂಡೆ, ಅವಳು ಗಳಗಳ ಅತ್ತುಬಿಟ್ಳು' ಅಂತ ಕುಣಿದ. ಆ ಪಾರ್ಟ್ನರ್ ಎದುರಿಗೇ ಹೇಳಿದ. ಬಿಟ್ಟುಕೊಡೋ ಮನಸ್ಸು ಅವನಿಗೆ ಹುಟ್ಟಿದಾಗಿನಿಂದ ಇಲ್ಲ. ಆಟದ ಸಾಮಾನೂ ಯಾರಿಗೂ ಕೊಟ್ಟೋನಲ್ಲ."

"ನಿಜ ಹೇಳ್ತಿದ್ದೀರಾ ಅತ್ತೆ?"

"ಅವತ್ತು ಸುಮ್ನಿದ್ದೆ ಅಂತ ಇವತ್ತೂ ಸುಮ್ನಿರ್ಬೇಕಾ?"

ಅಣ್ಣ ನೆಲದ ಹಿಟ್ಟು ಎತ್ತಿ ಬಕೆಟ್ಟಿಗೆ ಹಾಕಿದ. "ಸೋತವನು ದಾನ ಮಾಡಿದೆ ಅನ್ನೋದು ನಮ್ ವ್ಯಾಪಾರದಲ್ಲಿ ದಿನಾ ಕೇಳ್ತೀವಿ ಪುಟ್ಟಿ. ಹೋಗ್ಲಿ ಬಿಡು."

ಅವಳು ಬಿಡಲಿಲ್ಲ. ಏಪ್ರನ್ನಿನಲ್ಲೇ ರಸ್ತೆ ದಾಟಿದಳು. ಡಾಕ್ಟರು ಇನ್ನೂ ಗಾಡಿಯೊಳಗೆ ಕೂತಿದ್ದರು. ಚಾರ್ಜು ಎಲ್ಲಿಯವರೆಗೆ ಸಾಕಾಗುತ್ತದೆ ಎಂದು ಪರದೆಯ ಮೇಲೆ ನೋಡುತ್ತಿದ್ದರು. ಕೇಕಮ್ಮ ಕಿಟಕಿ ತಟ್ಟಿದಳು. ಗಾಜು ಇಳಿಯಿತು.

"ಸಹಿ ಹಾಕಿದ ದಿನ ಬೂಟು ಬಿಚ್ಚದೇ ಕುಣಿದ್ರಂತೆ," ಎಂದಳು.

ಡಾಕ್ಟರ ಕಣ್ಣು ಅವಳನ್ನು ದಾಟಿ ಬೇಕರಿಯ ಗಾಜಿನ ಬಾಗಿಲಿಗೆ ಹೋಯಿತು. ಅಲ್ಲಿ ಅವರ ತಾಯಿ ಕೋಲು ಹಿಡಿದು ನಿಂತಿದ್ದರು. ಕಿವಿಯಿಂದ ಶುರುವಾಗಿ ಕತ್ತಿನವರೆಗೆ ಡಾಕ್ಟರ ಮುಖ ಕೆಂಪೇರಿತು. ಗುಂಡಿ ಒತ್ತಿದರು. ಗಾಜು ಮೇಲೇರಿತು. ಸದ್ದೇ ಇಲ್ಲದ ಆ ಗಾಡಿ ಸದ್ದಿಲ್ಲದೆ ಹೋಯಿತು.

ಕೇಕಮ್ಮನ ಎದೆ ಹಗುರಾಯಿತು. ಅದೇ ಅವಳು ನೋಡಬೇಕೆಂದಿದ್ದ ಮುಖ.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಆ ಗಾಡಿಯನ್ನು ಮಾರಾಟಕ್ಕಿಟ್ಟರು. ಬರುವ ಹಣ ಸಾಲಕ್ಕೂ ಸಾಲುವುದಿಲ್ಲವಂತೆ. ಅಣ್ಣ ಅದನ್ನು ತಾನೇ ಕೊಂಡು ಕೇಕಮ್ಮನಿಗೆ ಕೊಡುತ್ತೇನೆ ಎಂದ. "ಈ ಬೆಲೆಗೆ, ನಿನ್ನ ಗೋಡೆ ಇರೋವಾಗ, ವ್ಯಾನಿಗಿಂತ ಇದೇ ಲಾಭ. ತಮಾಷೆ ಅಲ್ಲ, ಲೆಕ್ಕ ಹೇಳ್ತಿದ್ದೀನಿ."

"ಲೆಕ್ಕ ಸರಿ ಇದೆ ಅಣ್ಣ," ಎಂದಳು. "ಆದ್ರೆ ಅತ್ತೆ ಹತ್ತೋಕಾಗಲ್ಲ." ಅದು ಅರ್ಧ ಕಾರಣ ಎಂದು ಇಬ್ಬರಿಗೂ ಗೊತ್ತಿತ್ತು. ಗಾಡಿ ಬೇರೆ ಊರಿನ ಯಾರಿಗೋ ಹೋಯಿತು.

ಗೋಡೆಯ ಚಾರ್ಜರನ್ನು ಅವಳು ಸುಮ್ಮನೆ ಬಿಡಲಿಲ್ಲ. ಬೀದಿಯ ಕರೆಂಟ್ ಸ್ಕೂಟರಿನವರು, ಕಾರಿನವರು ಬಂದು ಹಾಕಿಕೊಂಡು, ಕಾಯುವಾಗ ಒಳಗೆ ಕೂತು ಕೇಕು ತಿನ್ನುತ್ತಿದ್ದರು. ಹಾಗೆ ಬರುವವರಲ್ಲಿ ಪಕ್ಕದ ರಸ್ತೆಯ ಇನ್ನೊಬ್ಬ ಹಲ್ಲಿನ ಡಾಕ್ಟರೂ ಇದ್ದರು. ವಯಸ್ಸಾದವರು, ಮಾತು ಕಡಿಮೆ. ಒಂದು ದಿನ ಅವರು ಕಾಫಿ ಕುಡಿಯುತ್ತ ರಿಬ್ಬನ್ನು ಕಟ್ಟುತ್ತಿದ್ದ ಅತ್ತೆಯನ್ನೇ ನೋಡಿ, "ಅಮ್ಮ, ನಿಮಗೆ ಮೇಲಿನ ಹಲ್ಲಿಲ್ವಲ್ಲ, ಕಟ್ಟಿಸ್ಕೋಬಾರ್ದಾ?" ಎಂದರು.

"ಮಗ ಕಟ್ಟಿಕೊಡ್ತೀನಿ ಅಂತ ವರ್ಷದಿಂದ ಹೇಳ್ತಾನೇ ಇದ್ದಾನೆ," ಎಂದರು ಅತ್ತೆ.

"ಮಗ ಏನ್ ಮಾಡ್ತಾರೆ?"

ಅತ್ತೆ ಸೊಸೆಯ ಕಡೆ ನೋಡಿದರು. ಕೇಕಮ್ಮ ನಗು ತಡೆಯಲಾಗದೆ ಓವನ್ನಿನ ಕಡೆ ತಿರುಗಿದಳು.

ಹಲ್ಲು ಬಂದ ದಿನ ಅತ್ತೆ ಹಟ ಹಿಡಿದರು, ಈಗಲೇ ಕರೆದುಕೊಂಡು ಹೋಗು ಎಂದು. ಕೇಕಮ್ಮ ವ್ಯಾನನ್ನು ಮಗನ ಕ್ಲಿನಿಕ್ಕಿನ ಎದುರಿಗೇ ನಿಲ್ಲಿಸಿ, ಬಾಗಿಲು ಸರಿಸಿ, ಕೈ ಕೊಟ್ಟು ಇಳಿಸಿದಳು. ಒಳಗೆ ಐದಾರು ಜನ ರೋಗಿಗಳು ಕೂತಿದ್ದರು. ಡಾಕ್ಟರು ಬಿಳಿ ಕೋಟಿನಲ್ಲಿ ಹೊರಗೆ ಬಂದು, ತಾಯಿಯನ್ನು ನೋಡಿ ನಿಂತರು.

"ಹಲ್ಲು ಕಟ್ಟಿಸ್ಕೊಂಡೆ ಕಣೋ," ಎಂದರು ತಾಯಿ ಎಲ್ಲರಿಗೂ ಕೇಳುವ ಹಾಗೆ. "ನಿನಗೆ ಬಿಡುವಾಗ್ಲಿಲ್ಲ ಅಂತ ಪಕ್ಕದ ರಸ್ತೆ ಡಾಕ್ಟ್ರ ಹತ್ರ. ಒಂದೇ ವಾರದಲ್ಲಿ ಮಾಡ್ಕೊಟ್ರು. ನೋವೇ ಇಲ್ಲ!"

ಹೇಳಿ, ಬಾಯಿ ತುಂಬ ನಕ್ಕರು. ಕಾಯುತ್ತಿದ್ದವರಲ್ಲಿ ಒಬ್ಬ ಹೆಂಗಸು ದವಡೆ ಹಿಡಿದುಕೊಂಡೇ ಮುಂದೆ ಬಾಗಿ, ಆ ಡಾಕ್ಟರು ಯಾವ ರಸ್ತೆಯಲ್ಲಿ ಇರುವುದು ಎಂದು ಕೇಳಿದಳು. ಅತ್ತೆ ದಾರಿಯನ್ನು ಬಿಡಿಸಿ ಬಿಡಿಸಿ ಹೇಳಿದರು.